ಗೆರೆ ಕಾಣದ ದಪ್ಪ ರೆಸಿನ್ ಎರಕ: ನನ್ನ ಅನುಭವ

ಬಟ್ಟೆ ಹೊದ್ದ ಮುಂಡಶಿಲ್ಪ. ಮೊಣಕಾಲೆತ್ತರ, ಗೇಣು ದಪ್ಪ, ಪೂರ್ತಿ ಪಾರದರ್ಶಕ. ಅದನ್ನು ಎಪಾಕ್ಸಿಯಲ್ಲಿ (ಹಾರ್ಡನರ್ ಎಂಬ ಎರಡನೆಯ ದ್ರವ ಬೆರೆಸಿದರೆ ಗಟ್ಟಿಯಾಗುವ ರೆಸಿನ್) ಪದರ ಪದರವಾಗಿ ಎರೆಯುತ್ತೇನೆ ಎಂದಾಗ ಜೊತೆಯ ಶಿಲ್ಪಿಗಳು ಒಪ್ಪಲಿಲ್ಲ. ಪದರಗಳ ನಡುವೆ ಗೆರೆ ಬಿದ್ದೇ ಬೀಳುತ್ತದೆ, ಒಂದೇ ಸಲ ಸುರಿ ಎಂದರು. ಈಗ ಅದನ್ನು ಬೆಳಕಿಗೆ ಎದುರಾಗಿ ನಿಲ್ಲಿಸಿದ್ದೇನೆ. ಗೆರೆ ಹುಡುಕಿದವರು ಸುಮ್ಮನಾಗಿದ್ದಾರೆ.

ಈ ಹಂಬಲ ಹತ್ತಿಸಿದ್ದು ಅಮೆರಿಕದ ಶಿಲ್ಪಿ ಡಿ ವೇಯ್ನ್ ವ್ಯಾಲೆಂಟೈನ್ ಅವರ ‘ಗ್ರೇ ಕಾಲಮ್’. 1975–76ರ ಪಾಲಿಯೆಸ್ಟರ್ ರೆಸಿನ್ ಕೃತಿ, ಸುಮಾರು 12 ಅಡಿ ಎತ್ತರ. ಆದರೆ ದೊಡ್ಡ ಎರಕದಲ್ಲೂ ಬಿರಿಯದ ರೆಸಿನನ್ನೇ ಅವರು ಬೇರೆಯಾಗಿ ರೂಪಿಸಿಕೊಂಡಿದ್ದರು. ನಮ್ಮ ಕೈಗೆ ಸಿಗುವ ಸಾಮಾನ್ಯ ಎಪಾಕ್ಸಿಯನ್ನು ಒಮ್ಮೆಗೇ ಸುರಿದು ನೋಡಿದೆ: ಗಟ್ಟಿಯಾಗುವಾಗ ಕಾವೇರಿ ಹೊಗೆಯಾಡಿತು, ನಡುವೆ ಹಳದಿಯಾಯಿತು, ಬಿರಿಯಿತು. ಆ ಕಾವಿಗೆ ಸಿಲಿಕೋನ್ ಅಚ್ಚೂ ಹಾಳಾಯಿತು. ನೋವಾದದ್ದು ಅಲ್ಲಿ, ರೆಸಿನ್‌ಗಿಂತ ಅಚ್ಚಿಗೇ ಹೆಚ್ಚು ಹಣ ಹೋಗಿತ್ತು. ಎರಡನೆಯ ಅಚ್ಚು ಗಟ್ಟಿಯಾಗಲೇ ಇಲ್ಲ: ಗಂಧಕವಿರುವ ಮಾದರಿ ಜೇಡಿಯ ಮೇಲೆ ಪ್ಲಾಟಿನಮ್ ಸಿಲಿಕೋನ್ ಅಂಟಂಟಾಗಿಯೇ ಉಳಿಯಿತು. ಒಟ್ಟು ಖರ್ಚಿನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಕೆಟ್ಟ ತುಂಡುಗಳಿಗೇ ಹೋಗಿದೆ.

ಕೊನೆಗೆ ಫಲಿಸಿದ್ದು ಅಚ್ಚನ್ನು ವಾಲಿಸುವ ಉಪಾಯ. ರೆಸಿನ್ ಹೇಗಿದ್ದರೂ ಸಮತಟ್ಟಾಗಿ ನಿಲ್ಲುತ್ತದೆ. ಹಾಗಾಗಿ ಪ್ರತಿ ಪದರಕ್ಕೂ ಅಚ್ಚಿನ ಕೆಳಗೆ ಬೆಣೆ ಕೊಟ್ಟು, ಪದರದ ಅಂಚು ಬಟ್ಟೆಯ ಮಡಿಕೆಯ ಗುಂಟವೇ ಸಾಗುವಂತೆ ಮಾಡಿದೆ. ಪದರ ಒಂದೂವರೆ ಸೆಂಟಿಮೀಟರ್ ಆಸುಪಾಸು. ಕೈಗವಸಿನ ಬೆರಳು ಒತ್ತಿದರೆ ಗುರುತು ಮೂಡಬೇಕು, ಎಳೆ ಬರಬಾರದು: ಮುಂದಿನದನ್ನು ಎರೆಯಲು ಅದೇ ಹೊತ್ತು. ಬಣ್ಣವನ್ನು ಎಲ್ಲ ಪದರಗಳಿಗೂ ಸಾಲುವಷ್ಟು ರೆಸಿನ್‌ಗೆ ಮೊದಲೇ ಬೆರೆಸಿಟ್ಟುಕೊಳ್ಳಿ. ಹಾರ್ಡನರ್ ಮಾತ್ರ ಆಯಾ ಪದರ ಎರೆಯುವಾಗ. ಇಲ್ಲದಿದ್ದರೆ ಗೆರೆಯ ಬದಲು ಬಣ್ಣದ ಪಟ್ಟಿ ಕಾಣುತ್ತದೆ. ಅಚ್ಚಿನ ಗೋಡೆಗೆ ಏರಿ ನಿಲ್ಲುವ ರೆಸಿನನ್ನು ಇಳಿಸುವ ಬಗೆಯನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ಕಂಚಿನ ಪುಡಿಯ ಗೀಳೂ ಹಿಡಿದಿತ್ತು. ಪುಡಿಯನ್ನು ಇಡೀ ಎರಕಕ್ಕೆ ಬೆರೆಸುವುದು ದುಡ್ಡು ಸುರಿದಂತೆ; ತಳಕ್ಕೆ ಇಳಿದುಬಿಡುತ್ತದೆ. ಅಚ್ಚಿನ ಒಳಮೈಗೆ ಒಂದು ಲೇಪ ಸಾಕು. ಆಮೇಲೆ ಉಕ್ಕಿನ ಉಣ್ಣೆಯಿಂದ ತಿಕ್ಕಿದರೆ ನಿಜವಾದ ಲೋಹದ ಹೊಳಪು ಏಳುತ್ತದೆ. ಪಾರದರ್ಶಕ ಮುಂಡಕ್ಕೆ ಕಂಚಿನ ಬೆನ್ನು ಕೊಟ್ಟ ಒಂದು ಸಣ್ಣ ತುಂಡು ನನಗೆ ತುಂಬ ಪ್ರಿಯ.

ಅರ್ಧ ದುಡಿಮೆ ಉಜ್ಜುವುದರಲ್ಲೇ ಇದೆ. ವಾರವಾದರೂ ಗಟ್ಟಿಯಾಗಲು ಬಿಟ್ಟು, 320ರ ಮರಳುಕಾಗದದಿಂದ 3000ದವರೆಗೆ ನೀರು ಹಾಕಿ ಕೈಯಲ್ಲೇ ಉಜ್ಜುತ್ತೇನೆ. ಯಂತ್ರ ಬೇಗ ಮುಗಿಸುತ್ತದೆ ನಿಜ, ಆದರೆ ಅದರ ಕಾವಿಗೆ ಮೇಲ್ಮೈ ಮೆತ್ತಗಾಗಿ ಮಡಿಕೆಯ ಚೂಪು ಅಳಿಯುತ್ತದೆ.