ಊಟಿಯ ಮೊದಲ ಚಳಿಗೆ ಮನೆ ಅಣಿ ಮಾಡುವುದು: ಗಡಿ ದಾಟಿ ಬಂದವರಿಗೆ

ಬಂಡೀಪುರ ದಾಟಿ, ತೆಪ್ಪಕಾಡಿನಲ್ಲಿ ತಿರುಗಿ ಕಲ್ಲಟ್ಟಿಯ 36 ತಿರುವು ಹತ್ತಿದರೆ, ಇಲ್ಲವೇ ಗೂಡಲೂರು ಸುತ್ತಿ ಬಂದರೆ ಊಟಿ. ಗುಂಡ್ಲುಪೇಟೆ, ಚಾಮರಾಜನಗರ, ನಂಜನಗೂಡಿನಿಂದ ಕೆಲಸಕ್ಕೆಂದು ಸಂಸಾರ ಸಮೇತ ಬರುವವರು ಊರಿನ ಜಮಖಾನ, ಚಾಪೆ, ತೆಳು ಪರದೆಗಳನ್ನೇ ಕಟ್ಟಿಕೊಂಡು ಬರುತ್ತಾರೆ. ದಾರಿ ಹತ್ತಿರದ್ದು, ಹಾಗಾಗಿ ಊರೂ ನಮ್ಮೂರಿನ ಹಾಗೇ ಇರುತ್ತದೆ ಎಂದು ಮನಸ್ಸು ನಂಬಿಬಿಡುತ್ತದೆ. ಆದರೆ ಊಟಿ ಇರುವುದು 2,240 ಮೀಟರ್ ಎತ್ತರದಲ್ಲಿ. ಡಿಸೆಂಬರ್, ಜನವರಿಯ ಬೆಳಗಿನ ಜಾವ ತಗ್ಗಿನ ಹುಲ್ಲುಗಾವಲುಗಳ ಮೇಲೆ ಉಪ್ಪು ಚೆಲ್ಲಿದ ಹಾಗೆ ಹಿಮ ಕೂತಿರುತ್ತದೆ. ಚಳಿಗಾಲ ಬಂದ ಮೇಲೆ ನೋಡೋಣ ಎನ್ನುವುದೇ ನಾವು ಬಯಲಿನವರು ಮಾಡುವ ಮೊದಲ ತಪ್ಪು. ಹಿಂಗಾರು ಬಿಡುವು ಕೊಟ್ಟ ನವೆಂಬರಿನ ನಾಲ್ಕು ಒಣ ದಿನಗಳಲ್ಲೇ ಕೆಲಸ ಮುಗಿಯಬೇಕು. ಗೋಡೆ ಒದ್ದೆಯಾಗಿದ್ದಾಗ ಅಂಟಿಸಿದ ಯಾವ ಪಟ್ಟಿಯೂ ನಿಲ್ಲುವುದಿಲ್ಲ.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ಕರ್ನಾಟಕ ನೋಂದಣಿಯ ಗಾಡಿಗೆ ನೀಲಗಿರಿ ಜಿಲ್ಲೆಯೊಳಗೆ ಬರಲು ಬೇಕಾದ ಇ-ಪಾಸ್ ತೆಗೆದುಕೊಳ್ಳಿ, ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್ ಎಂಬುದು ನೆನಪಿರಲಿ, ಗ್ಯಾಸ್ ಕನೆಕ್ಷನ್ನನ್ನೂ ಆಧಾರ್ ವಿಳಾಸವನ್ನೂ ಬಾಡಿಗೆ ಕರಾರು ಕೈಗೆ ಬಂದ ವಾರವೇ ಬದಲಿಸಿಕೊಳ್ಳಿ.

ಮನೆ ಇನ್ನೂ ಹಿಡಿದಿಲ್ಲವಾದರೆ ಒಂದು ಮಾತು ಕೇಳಿ. ಊರಿನಲ್ಲಿ ದಕ್ಷಿಣದ ಬಾಗಿಲು ಎಂದರೆ ಹಿಂದೆಗೆಯುತ್ತೇವೆ, ಬಿಸಿಲು ಬೀಳುವ ಕೋಣೆ ಬೇಡ ಎನ್ನುತ್ತೇವೆ. ಇಲ್ಲಿ ಆ ಲೆಕ್ಕ ಬಿಡಿ. ಡಿಸೆಂಬರಿನಲ್ಲಿ ಸೂರ್ಯ ನಡುಮಧ್ಯಾಹ್ನವೂ ದಕ್ಷಿಣಕ್ಕೆ ವಾಲಿಕೊಂಡು, ನೆಲದಿಂದ ಸುಮಾರು 55 ಡಿಗ್ರಿ ಮೇಲಷ್ಟೇ ಇರುತ್ತಾನೆ. ದಕ್ಷಿಣಕ್ಕೆ ಕಿಟಕಿ ಇರುವ ಕೋಣೆಗೆ ದಿನವಿಡೀ ಬಿಟ್ಟಿ ಬಿಸಿಲು ಸಿಗುತ್ತದೆ, ಉತ್ತರದ ಕೋಣೆಯ ಗೋಡೆ ಫೆಬ್ರವರಿಯವರೆಗೂ ಒಣಗುವುದಿಲ್ಲ. ತಗ್ಗಿನ ಮನೆಗಿಂತ ಇಳಿಜಾರಿನ ನಡುವಿನ ಮನೆ ಮೇಲು. ತಣ್ಣನೆಯ ಗಾಳಿ ಭಾರ, ರಾತ್ರಿ ನೀರಿನ ಹಾಗೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಹಿಮ ಮೊದಲು ಬೀಳುವುದೂ ಅಲ್ಲೇ.

ಮನೆ ಹಿಡಿದಾಗಿದ್ದರೆ, ಇಡೀ ಮನೆಯನ್ನು ಬೆಚ್ಚಗಿಡುವ ಆಸೆ ಬಿಡಿ. ಒಂದು ಕೋಣೆ ಸಾಕು. ಬಿಸಿಲು ಬೀಳುವ, ಅಡುಗೆಮನೆಗೆ ಅಂಟಿಕೊಂಡ, ಹೊರಗೋಡೆ ಕಡಿಮೆ ಇರುವ ಕೋಣೆಯನ್ನು ಆರಿಸಿ, ಚಳಿಯ ಮೂರು ತಿಂಗಳು ಊಟ, ಓದು, ನಿದ್ದೆ ಎಲ್ಲ ಅಲ್ಲೇ ಇಟ್ಟುಕೊಳ್ಳಿ. ದುಡ್ಡನ್ನೆಲ್ಲ ಆ ಕೋಣೆಗೆ ಹಾಕಿ.

ಮೊದಲು ಗಾಳಿ ಎಲ್ಲಿಂದ ನುಗ್ಗುತ್ತಿದೆ ಎಂದು ಕಂಡುಹಿಡಿಯಬೇಕು. ಸಂಜೆ ಏಳರ ಮೇಲೆ ಫ್ಯಾನು ನಿಲ್ಲಿಸಿ, ಊದುಬತ್ತಿ ಹಚ್ಚಿ, ಬಾಗಿಲ ಚೌಕಟ್ಟಿನ ಸುತ್ತ, ಕಿಟಕಿಯ ಕೀಲುಗಳ ಹತ್ತಿರ, ಸ್ವಿಚ್ ಬೋರ್ಡಿನ ಪಕ್ಕ, ಗೋಡೆಯೂ ಮಾಡೂ ಕೂಡುವ ಸಂದಿನಲ್ಲಿ ನಿಧಾನವಾಗಿ ಆಡಿಸಿ. ಹೊಗೆ ನೆಟ್ಟಗೆ ಏಳದೆ ಅಡ್ಡ ಬಾಗಿದ ಕಡೆಯೆಲ್ಲ ಸೀಮೆಸುಣ್ಣದ ಗುರುತು ಹಾಕಿ. ಬಾಗಿಲ ಕೆಳಗಿನ ಸಂದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 90 ಸೆಂಟಿಮೀಟರ್ ಅಗಲದ ಬಾಗಿಲಿಗೆ ಅರ್ಧ ಸೆಂಟಿಮೀಟರ್ ಸಂದು ಎಂದರೆ 45 ಚದರ ಸೆಂಟಿಮೀಟರ್. ಗೋಡೆಯಲ್ಲಿ ಅಂಗೈಯಗಲದ ತೂತು ಕೊರೆದು ಮಲಗಿದಂತೆ. ಹಳೆಯ ಪಂಚೆಯ ಬಟ್ಟೆಯನ್ನು ಬಾಗಿಲಿಗಿಂತ ಒಂದು ಗೇಣು ಉದ್ದಕ್ಕೆ, ನಾಲ್ಕು ಇಂಚು ದಪ್ಪ ಬರುವ ಹಾಗೆ ಕೊಳವೆಯಂತೆ ಹೊಲಿದು, ಒಣ ಮರಳೂ ಭತ್ತದ ಹೊಟ್ಟೂ ಅರ್ಧರ್ಧ ಬೆರೆಸಿ ತುಂಬಿ. ಬರೀ ಹೊಟ್ಟು ತುಂಬಿದರೆ ಹಗುರವಾಗಿ ಸರಿದುಹೋಗುತ್ತದೆ, ಬರೀ ಮರಳಾದರೆ ಮಕ್ಕಳಿಗೆ ಎಳೆಯಲಾಗುವುದಿಲ್ಲ. ಕಿಟಕಿಯ ಸಂದಿಗೆ ಹಾರ್ಡ್‌ವೇರ್ ಅಂಗಡಿಯ ರಬ್ಬರ್ ಪಟ್ಟಿ ತನ್ನಿ. ಅಗ್ಗದ ಸ್ಪಂಜಿನ ಪಟ್ಟಿ ನೀರು ಹೀರಿ ಒಂದೇ ಚಳಿಗಾಲಕ್ಕೆ ಕೊಳೆಯುತ್ತದೆ. ಅಂಟಿಸುವ ಮುಂಚೆ ಚೌಕಟ್ಟನ್ನು ಮೊದಲು ಒಣ ಬಟ್ಟೆಯಿಂದ, ಆಮೇಲೆ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ, ಮಧ್ಯಾಹ್ನದ ಬಿಸಿಲಿನಲ್ಲೇ ಅಂಟಿಸಿ. ತಣ್ಣನೆಯ ಮರಕ್ಕೆ ಅಂಟು ಹಿಡಿಯುವುದಿಲ್ಲ.

ಕಿಟಕಿಯ ಗಾಜು ಒಂದೇ ಪದರ. ಪರದೆ ಗಾಜಿಗಿಂತ ಎರಡೂ ಬದಿ ಅರ್ಧ ಅಡಿ ಅಗಲವಾಗಿರಬೇಕು, ನೆಲ ಮುಟ್ಟಬೇಕು. ಕಿಟಕಿಯ ಅಂಚಿಗೇ ನಿಂತ ಪರದೆಯ ಹಿಂದೆ ತಣ್ಣಗಾದ ಗಾಳಿ ಕೆಳಗಿನಿಂದ ಇಳಿದು ನೇರ ಹಾಸಿಗೆಯ ಮೇಲೆ ಬರುತ್ತದೆ. ಹೊಸ ಬಟ್ಟೆ ಬೇಡ. ಹಳೆಯ ಕಂಬಳಿಗೆ ಸೀರೆಯ ಒಳಪದರ ಹೊಲಿದರೆ ಅಂಗಡಿಯ ಯಾವ ಪರದೆಗಿಂತಲೂ ಬೆಚ್ಚಗಿರುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ತೆರೆದು, ಸಂಜೆ ಐದೂವರೆಗೆ, ಇನ್ನೂ ಬೆಳಕಿರುವಾಗಲೇ ಮುಚ್ಚಿ.

ತಗಡಿನ ಮಾಡಿನ ಮನೆಯವರು ಹೆಚ್ಚು ಎಚ್ಚರವಾಗಿರಬೇಕು. ಮೋಡವಿಲ್ಲದ ರಾತ್ರಿ ತಗಡು ಹೊರಗಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಒಳಗಿನ ಉಸಿರಿನ ತೇವ ಅದಕ್ಕೆ ತಾಗಿ ಬೆಳಗಿನ ಹೊತ್ತಿಗೆ ಹನಿ ಹನಿಯಾಗಿ ಹಾಸಿಗೆ ಮೇಲೆ ಬೀಳುತ್ತದೆ. ಮಾಡು ಸೋರುತ್ತಿದೆ ಎಂದು ಮೇಲೆ ಟಾರು ಬಳಿಸಿ ದುಡ್ಡು ಕಳೆದುಕೊಳ್ಳಬೇಡಿ. ಬೇಕಾದದ್ದು ಒಳಮಾಡು. ಜಂತಿಗೆ ಬಿದಿರಿನ ತಟ್ಟಿ ಹೊಡೆಸಿ, ತಟ್ಟಿಗೂ ತಗಡಿಗೂ ನಡುವೆ ಕನಿಷ್ಠ ನಾಲ್ಕು ಇಂಚು ಬಿಡಿ, ಸೂರಿನ ಎರಡೂ ತುದಿಯಲ್ಲಿ ಆ ಜಾಗಕ್ಕೆ ಗಾಳಿ ಆಡಲಿ, ಇಲ್ಲದಿದ್ದರೆ ಜಂತಿ ಕೊಳೆಯುತ್ತದೆ. ಥರ್ಮೋಕೋಲ್ ಹಾಳೆ ಅಗ್ಗ, ಬೆಚ್ಚಗೂ ಇಡುತ್ತದೆ, ಆದರೆ ಕಿಡಿ ತಾಗಿದರೆ ಕರಗಿ ಉರಿಯುತ್ತಾ ಮೈಮೇಲೆ ಸುರಿಯುತ್ತದೆ. ಒಲೆ ಇರುವ ಮನೆಗೆ ಅದು ಬೇಡವೇ ಬೇಡ.

ಚಳಿ ಮೇಲಿನಿಂದ ಬರುವುದಕ್ಕಿಂತ ಹೆಚ್ಚಾಗಿ ಕೆಳಗಿನಿಂದ ಬರುತ್ತದೆ ಎಂಬುದು ಚಾಪೆಯ ಮೇಲೆ ಮಲಗಿ ಬೆಳೆದ ನಮಗೆ ಹೊಳೆಯುವುದು ತಡ. ಮೂರು ಕಂಬಳಿ ಹೊದ್ದರೂ ನಡುಗುವವರಿಗೆ ಮದ್ದು ಒಂದೇ, ಅದರಲ್ಲೊಂದನ್ನು ಕೆಳಗೆ ಹಾಸುವುದು. ನೆಲದ ಮೇಲೆ ರಟ್ಟು, ಅದರ ಮೇಲೆ ಚಾಪೆ, ಅದರ ಮೇಲೆ ಎರಡಿಂಚಿನ ತೆಂಗಿನ ನಾರಿನ ಹಾಸಿಗೆ, ಕಂಬಳಿ, ಕೊನೆಗೆ ಹತ್ತಿಯ ಹೊದಿಕೆ. ಹಾಸಿಗೆಯನ್ನು ದಿನಾ ಎತ್ತಿ ನಿಲ್ಲಿಸಿ, ಎತ್ತದೆ ನೆಲದ ಮೇಲೇ ಬಿಟ್ಟರೆ ಅಡಿಯಲ್ಲಿ ವಾರದೊಳಗೆ ಬೂಷ್ಟು ಹಿಡಿಯುತ್ತದೆ. ಬೀರುವನ್ನೂ ಹೊರಗೋಡೆಯಿಂದ ಮೂರು ಇಂಚು ದೂರ ಇಡಿ. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಒಣಹಾಕಿದರೆ ಆ ನೀರೆಲ್ಲ ಕೊನೆಗೆ ಗೋಡೆಗೇ ಸೇರುತ್ತದೆ. ಎಷ್ಟೇ ಚಳಿಯಿದ್ದರೂ ಹನ್ನೆರಡರ ಹೊತ್ತಿಗೆ ಎದುರುಬದುರಿನ ಕಿಟಕಿಗಳನ್ನು ಹದಿನೈದು ನಿಮಿಷ ಹಾರುಹೊಡೆಯಿರಿ. ಬೆಳಗಾಗುತ್ತಲೇ ನೆಲಕ್ಕೆ ನೀರು ಸುರಿದು ತೊಳೆಯುವ ಅಭ್ಯಾಸವನ್ನೂ ಮಾರ್ಚ್‌ವರೆಗೆ ಬಿಡಿ. ಹೊಸ್ತಿಲಿಗೆ ನೀರು ಚಿಮುಕಿಸಿ ರಂಗೋಲಿ ಹಾಕಿದರೆ ಸಾಕು, ಒಳನೆಲವನ್ನು ಹನ್ನೊಂದರ ಬಿಸಿಲಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ.

ಈಗ ಬೆಂಕಿಯ ಮಾತು. ಇದನ್ನು ಮನೆಯವರೆಲ್ಲರಿಗೂ ಓದಿ ಹೇಳಿ.

ಕೆಂಡದ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಯಲ್ಲಿ ಇಟ್ಟು ಬಾಗಿಲು ಹಾಕಿಕೊಳ್ಳಬೇಡಿ. ಹೊಗೆ ಇಲ್ಲ, ಬರೀ ಕೆಂಡ, ಏನಾಗುತ್ತದೆ ಎನ್ನುವುದೇ ಪ್ರಾಣ ತೆಗೆಯುವ ತಪ್ಪು. ಗಾಳಿ ಸಾಲದೆ ಉರಿಯುವ ಕೆಂಡ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಬರಿಸುವುದಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ಆಮೇಲೆ ಮಂಪರು. ಮಲಗಿದವರಿಗೆ ಮಂಪರು ಬಂದದ್ದೇ ತಿಳಿಯುವುದಿಲ್ಲ. ಮೇಲೆ ಹೇಳಿದ ಹಾಗೆ ಸಂದುಗಳನ್ನೆಲ್ಲ ಮುಚ್ಚಿದ ಕೋಣೆಯಲ್ಲಂತೂ ಅಪಾಯ ಇನ್ನೂ ಹೆಚ್ಚು. ಹಾಗಾಗಿ ಕೆಂಡ ಕಾಯಿಸುವುದಾದರೆ ಜಗಲಿಯಲ್ಲಿ, ಎಲ್ಲರೂ ಎಚ್ಚರವಿರುವಾಗ. ಗ್ಯಾಸ್ ಗೀಸರನ್ನು ಸ್ನಾನದ ಮನೆಯ ಒಳಗೆ ಹಾಕಿಸಬೇಡಿ, ಹೊರಗೋಡೆಗೆ ಹಾಕಿಸಿ ಬಿಸಿನೀರಿನ ಪೈಪನ್ನು ಒಳಗೆ ತನ್ನಿ. ಬಾಣಂತಿ ಕೋಣೆಗೆ ಕೆಂಡದ ಮೇಲೆ ಸಾಂಬ್ರಾಣಿ ಹಾಕುವ ನಮ್ಮ ಪದ್ಧತಿಯೂ ಇಲ್ಲಿ ಬೇಡ. ಕೂಸಿಗೆ ಟೋಪಿ, ಕಾಲುಚೀಲ, ತಾಯಿಯ ಎದೆಯ ಬಿಸಿ ಇರಲಿ. ಕೋಣೆಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಒಟ್ಟಿಗೆ ತಲೆನೋವು ಬಂದರೆ ಕಾರಣ ಹುಡುಕುತ್ತಾ ಕೂರಬೇಡಿ, ಎಲ್ಲರನ್ನೂ ಹೊರಗೆಳೆದು 108ಕ್ಕೆ ಕರೆ ಮಾಡಿ.

ಕರೆಂಟಿನ ಹೀಟರಿಗೆ ವಿಷಗಾಳಿಯ ಭಯವಿಲ್ಲ, ತಂತಿಯ ಭಯವಿದೆ. 2,000 ವ್ಯಾಟ್‌ನ ಹೀಟರು ಸುಮಾರು 9 ಆಂಪಿಯರ್ ಎಳೆಯುತ್ತದೆ. ಹಳೆಯ ಮನೆಗಳ 6 ಆಂಪಿಯರ್ ಸಾಕೆಟ್ಟಿಗೆ, ಎಕ್ಸ್‌ಟೆನ್ಶನ್ ಪೆಟ್ಟಿಗೆಗೆ ಚುಚ್ಚಿದರೆ ಪ್ಲಗ್ ಮೊದಲು ಬಿಸಿಯಾಗಿ ಆಮೇಲೆ ಕರಗುತ್ತದೆ. 16 ಆಂಪಿಯರ್ ಸಾಕೆಟ್, ಅದಕ್ಕೆ ತಕ್ಕ ತಂತಿ ಇದ್ದರಷ್ಟೇ ಬಳಸಿ. ಖರ್ಚಿನ ಲೆಕ್ಕವನ್ನೂ ಹಾಕಿ: 1,000 ವ್ಯಾಟ್‌ನ ಹೀಟರು ದಿನಕ್ಕೆ ನಾಲ್ಕು ಗಂಟೆ ಎಂದರೆ ಎರಡು ತಿಂಗಳ ಬಿಲ್ಲಿಗೆ 240 ಯೂನಿಟ್. ತಮಿಳುನಾಡಿನಲ್ಲಿ ಮನೆಗಳಿಗೆ ಸಿಗುವ ಮೊದಲ 100 ಯೂನಿಟ್ ಉಚಿತ ಅದರಲ್ಲೇ ಕರಗಿಹೋಗುತ್ತದೆ. ಸ್ನಾನದ ನೀರೂ ಹಾಗೇ. 14 ಡಿಗ್ರಿಯ 18 ಲೀಟರ್ ನೀರನ್ನು 40ಕ್ಕೆ ತರಲು ಅರ್ಧ ಯೂನಿಟ್‌ಗಿಂತ ಹೆಚ್ಚು ಬೇಕು. ಬಿಸಿನೀರಿನ ಪೈಪು ಹೊರಗೋಡೆಯ ಮೇಲಿದ್ದರೆ ದಾರಿಯಲ್ಲೇ ಆರುತ್ತದೆ, ಅದಕ್ಕೆ ಫೋಮ್ ಕೊಳವೆ ಹಾಕಿ, ಮೇಲೆ ಗೋಣಿ ಸುತ್ತಿ, ಮಳೆ ತಾಗದಂತೆ ಕಟ್ಟಿ. ಎಲ್ಲಕ್ಕಿಂತ ಅಗ್ಗದ ಬಿಸಿ ರಬ್ಬರಿನ ಬಿಸಿನೀರ ಚೀಲ: ಕುದಿಯದ ನೀರು ಮುಕ್ಕಾಲು ತುಂಬಿ, ಗಾಳಿ ಹೊರಹಿಂಡಿ, ಬಟ್ಟೆ ಸುತ್ತಿ, ಮಲಗುವ ಅರ್ಧ ಗಂಟೆ ಮುಂಚೆ ಹಾಸಿಗೆಯ ಕಾಲ ಕಡೆ ಇಡಿ.

ಅಡುಗೆಮನೆಯಲ್ಲೂ ಊರಿನ ಕೈ ತಪ್ಪುತ್ತದೆ. ಈ ಎತ್ತರದಲ್ಲಿ ನೀರು 92–93 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಊರಿಗಿಂತ ತುಂಬಾ ಹೊತ್ತು ಹಿಡಿದು ಗ್ಯಾಸ್ ಮುಗಿಯುತ್ತದೆ, ಕುಕ್ಕರ್ ಇಲ್ಲದೆ ಆಗದು. ಸಿಲಿಂಡರಿನಲ್ಲಿ ಗ್ಯಾಸ್ ಇದ್ದೂ ಬೆಳಿಗ್ಗೆ ಉರಿ ಕುಗ್ಗಿದರೆ ಅದು ಚಳಿಯ ಕೆಲಸ. ಸಿಲಿಂಡರನ್ನು ತಣ್ಣನೆಯ ನೆಲದಿಂದ ಮರದ ಹಲಗೆಯ ಮೇಲೆ ಎತ್ತಿಡಿ. ಬಿಸಿನೀರು ಸುರಿಯುವುದು, ಬೆಂಕಿ ತೋರಿಸುವುದು ಸಾವಿಗೆ ಕೈಚಾಚಿದಂತೆ. ದೋಸೆಹಿಟ್ಟು ರಾತ್ರಿಗೆ ಹುದುಗುವುದಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ರುಬ್ಬಿ, ಮೆಂತ್ಯ ತುಸು ಹೆಚ್ಚು ಹಾಕಿ, ಪಾತ್ರೆಯನ್ನು ಬಿಸಿನೀರಿನ ದೊಡ್ಡ ಪಾತ್ರೆಯೊಳಗಿಟ್ಟು ಎರಡನ್ನೂ ಕಂಬಳಿಯಲ್ಲಿ ಸುತ್ತಿ, ಮಧ್ಯಾಹ್ನವೇ ಶುರು ಮಾಡಿದರೆ ಮರುದಿನ ಬೆಳಿಗ್ಗೆಗೆ ಉಬ್ಬಿರುತ್ತದೆ. ಮೊಸರಿಗೂ ಅದೇ ಉಪಾಯ.

ಒಂದೇ ಕೋಣೆಯಲ್ಲಿ ಎಲ್ಲರೂ ಮಲಗುವುದರ ಬಗ್ಗೆ ಇನ್ನೊಂದು ಮಾತಿದೆ. ಮಕ್ಕಳಿಗೆ ಇಲ್ಲಿ ಶಾಲೆಯಲ್ಲಿ ತಮಿಳು, ಆಟದಲ್ಲಿ ತಮಿಳು. ಅದು ತಪ್ಪಲ್ಲ, ಕಲಿಯಲೇಬೇಕು. ಆದರೆ ಕನ್ನಡ ಓದಲು ಬರೆಯಲು ಎರಡು ವರ್ಷದಲ್ಲಿ ಕೈತಪ್ಪುತ್ತದೆ, ಮಾತು ಉಳಿದರೂ ಅಕ್ಷರ ಹೋಗುತ್ತದೆ. ಪಕ್ಕದ ಹಟ್ಟಿಯ ಬಡಗರ ಅಜ್ಜಿ ಮಾತಾಡಿದರೆ ಹೆಚ್ಚಿನದು ನಮಗೆ ತಿಳಿಯುತ್ತದೆ. ಬಡಗರೆಂದರೆ ಬಡಗಣದಿಂದ ಬಂದವರು, ಮೈಸೂರು ಸೀಮೆಯಿಂದಲೇ ಬಂದೆವೆಂದು ಅವರ ಹಿರಿಯರು ಹೇಳುತ್ತಾರೆ. ಅವರ ಮಾತು ಇಷ್ಟು ಶತಮಾನ ಉಳಿದದ್ದು ಮನೆಯೊಳಗೆ ಆಡುತ್ತಾ ಬಂದದ್ದರಿಂದ. ಚಳಿಯ ರಾತ್ರಿ ಏಳರಿಂದ ಒಂಬತ್ತರವರೆಗೆ ಎಲ್ಲರೂ ಒಂದೇ ಕಂಬಳಿಯ ಸುತ್ತ ಇರುವಾಗ ಕನ್ನಡದ ಒಂದು ಪುಟವನ್ನು ಮಗುವಿನಿಂದಲೇ ಗಟ್ಟಿಯಾಗಿ ಓದಿಸಿ. ಊರಿನ ಅಜ್ಜಿಗೆ ಫೋನು ಹಚ್ಚುವ ಹೊತ್ತೂ ಅದೇ ಆಗಲಿ. ಫೋನಿನಲ್ಲಿ ಮಾತು ಮುಗಿದ ಮೇಲೆ ಮನೆಯಲ್ಲಿ ಆವರಿಸುವ ಆ ಮೌನ ಮೊದಲ ವರ್ಷ ಎಲ್ಲರಿಗೂ ಇರುತ್ತದೆ.

ಮುಂದಿನ ಸಲ ಊರಿಗೆ ಹೋದಾಗ ಕುರಿ ಉಣ್ಣೆಯ ಕರಿಕಂಬಳಿ ಎರಡು ತನ್ನಿ. ಸ್ವೆಟರು ಇಲ್ಲಿನ ಟಿಬೆಟನ್ ಅಂಗಡಿಗಳಲ್ಲಿ ಚೌಕಾಸಿ ಮಾಡಿ ತೆಗೆದುಕೊಳ್ಳಬಹುದು. ತಂದ ಕಂಬಳಿಯನ್ನು ಎರಡು ದಿನ ಬಿಸಿಲಿಗೆ ಹಾಕಿ, ಕೋಲಿನಿಂದ ಬಡಿದು ದೂಳು ಕೊಡವಿ, ಬೇವಿನ ಎಲೆ ಇಟ್ಟು ಮಡಿಸಿ. ಮಳೆಗಾಲ ಕಳೆದು ನವೆಂಬರಿನಲ್ಲಿ ತೆಗೆದಾಗ ನುಸಿ ಹಿಡಿದಿರುವುದಿಲ್ಲ.