ಹೊಲವನ್ನು ಬಡಾವಣೆ ಮಾಡುವ ಮುನ್ನ ನೀರಿನ ದಾರಿ ಗುರುತಿಸುವುದು ಹೇಗೆ

ಬೆಂಗಳೂರಿನ ಹೊರವಲಯದಲ್ಲಿ, ಆನೇಕಲ್ಲೋ ಹೊಸಕೋಟೆಯೋ ದೇವನಹಳ್ಳಿಯೋ ಆಗಲಿ, ಕೃಷಿ ವಲಯದ ಹೊಲ ಮನೆ ಕಟ್ಟುವ ಬಡಾವಣೆಯಾಗಬೇಕಾದರೆ ಮೂರು ಹಂತ ದಾಟಬೇಕು. ಮೊದಲನೆಯದು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ ಕಲಂ 14-ಎ ಅಡಿಯಲ್ಲಿ ಮಾಸ್ಟರ್ ಪ್ಲಾನ್‌ನ ಭೂ ಬಳಕೆ ಬದಲಾವಣೆ. ಎರಡನೆಯದು ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ ಕಲಂ 95ರ ಪ್ರಕಾರ ಭೂ ಪರಿವರ್ತನೆ. ಜನ ಡಿಸಿ ಕನ್ವರ್ಷನ್ ಅನ್ನುವುದು ಇದಕ್ಕೇ. ಮೂರನೆಯದು ಬಡಾವಣೆ ನಕ್ಷೆಯ ಮಂಜೂರಾತಿ.

ಪರಿಸರದ ವಿಷಯ ಮೂರನೇ ಹಂತದಲ್ಲಿ ನೋಡಿಕೊಂಡರಾಯಿತು ಎಂದುಕೊಳ್ಳುವವರೇ ಹೆಚ್ಚು. ಅಷ್ಟರಲ್ಲಿ ನಕ್ಷೆಯ ಮೇಲೆ ಸೈಟ್ ನಂಬರ್ ಬಿದ್ದಿರುತ್ತದೆ, ಕೆಲವು ಸೈಟಿಗೆ ಅಡ್ವಾನ್ಸೂ ಬಂದಿರುತ್ತದೆ. ಆಗ ನಡುವೆ ಒಂದು ಕಾಲುವೆ ಸಿಕ್ಕಿದರೆ ಯಾರೂ ಸೈಟು ಬಿಡುವುದಿಲ್ಲ, ಕಾಲುವೆಯನ್ನೇ ತಿರುಗಿಸುತ್ತಾರೆ. ಆದ್ದರಿಂದ ಕೆಳಗಿನ ಕೆಲಸಗಳು 14-ಎ ಅರ್ಜಿಗೂ ಮುಂಚೆಯೇ ಮುಗಿಯಬೇಕು. ಇಡೀ ಬರಹಕ್ಕೆ 10 ಎಕರೆಯ ಜಮೀನನ್ನು ಲೆಕ್ಕಕ್ಕೆ ಇಟ್ಟುಕೊಂಡಿದ್ದೇವೆ.

ದಾಖಲೆಯಲ್ಲಿ ನೀರು ಎಲ್ಲಿದೆ

ಪಹಣಿ ಒಂದನ್ನೇ ನೋಡಿ ಮುಂದುವರಿಯಬೇಡಿ. ಗ್ರಾಮ ನಕ್ಷೆ, ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಖರಾಬಿನ ದಾಖಲೆ), ಮೂಲ ಸರ್ವೆ ಟಿಪ್ಪಣಿ (ಅಳತೆ ಮಾಡಿದವರ ಕೈನಕ್ಷೆ) ಇವುಗಳ ದೃಢೀಕೃತ ನಕಲು ತೆಗೆಸಿ, ಪಕ್ಕಪಕ್ಕದಲ್ಲಿಟ್ಟು ಓದಿ. ಆಕಾರ್‌ಬಂದ್‌ನಲ್ಲಿ ಖರಾಬು ಎರಡು ಬಗೆ. ‘ಅ’ ಖರಾಬು ಎಂದರೆ ಬಂಡೆ, ಕಣ, ಮನೆಯಂಥ ಕಾರಣಕ್ಕೆ ಸಾಗುವಳಿಗೆ ಬಾರದ ಜಾಗ. ‘ಬ’ ಖರಾಬು ಎಂದರೆ ಹಳ್ಳ, ಕೆರೆ, ದಾರಿ, ಸ್ಮಶಾನದಂಥ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು. ನಿಮ್ಮ ಸರ್ವೆ ನಂಬರಿನಲ್ಲಿ 6 ಗುಂಟೆ ‘ಬ’ ಖರಾಬು ಇದೆ ಎಂದಾದರೆ ಅದು ನಿಮ್ಮದಲ್ಲ, ಮಾರಲು ಬಾರದು, ಬಡಾವಣೆಯಲ್ಲಿ ಬಿಡಬೇಕಾದ ಪಾರ್ಕ್ ಲೆಕ್ಕಕ್ಕೂ ಬಾರದು. ಅದು ಹಳ್ಳವೋ ದಾರಿಯೋ ಎಂಬುದನ್ನು ಟಿಪ್ಪಣಿಯೇ ಹೇಳುತ್ತದೆ.

ಪಕ್ಕದ ಸರ್ವೆ ನಂಬರುಗಳ ಟಿಪ್ಪಣಿಯನ್ನೂ ಕೇಳಿ ಪಡೆಯಿರಿ. ಮೇಲಿನ ಹೊಲದಲ್ಲೂ ಕೆಳಗಿನ ಹೊಲದಲ್ಲೂ ಹಳ್ಳ ತೋರಿಸಿ, ನಡುವಿನ ನಿಮ್ಮ ನಂಬರಿನಲ್ಲಿ ಮಾತ್ರ ತೋರಿಸಿಲ್ಲ ಎಂದರೆ ನೀರು ಹಾರಿ ಹೋಗಿಲ್ಲ. ನಕಲು ಮಾಡುವಾಗ ಗೆರೆ ಬಿಟ್ಟಿರಬಹುದು, ಪೋಡಿ (ಸರ್ವೆ ನಂಬರಿನ ವಿಭಜನೆ) ಆಗುವಾಗ ತಪ್ಪಿರಬಹುದು. ಇದನ್ನು ಭೂಮಾಪನ ಇಲಾಖೆಯಲ್ಲಿ ಅರ್ಜಿ ಕೊಟ್ಟು, ಅಕ್ಕಪಕ್ಕದವರಿಗೆ ನೋಟಿಸ್ ಹೋಗಿ, ಅಳತೆ ಮಾಡಿಸಿಯೇ ಸರಿಪಡಿಸಿಕೊಳ್ಳಬೇಕು. ದಾಖಲೆಯಲ್ಲಿ ಇಲ್ಲದ್ದು ಅನುಕೂಲವೇ ಆಯಿತು ಎಂದು ಸುಮ್ಮನಿದ್ದರೆ ಅದರ ನಷ್ಟ ಕೊನೆಗೆ ಸೈಟು ಕೊಂಡವರ ತಲೆಗೆ.

ನೆಲದ ಮೇಲೆ ಗುರುತು

ನಂತರ ಹೊಲಕ್ಕೆ ಹೋಗಿ. ನೀಲಗಿರಿ ತೋಪಾಗಿ ಹತ್ತಿಪ್ಪತ್ತು ವರ್ಷ ಕಳೆದ ಜಮೀನಿನಲ್ಲಿ ಹಳ್ಳ ಹಳ್ಳದಂತೆ ಕಾಣುವುದಿಲ್ಲ. ಗೇಣುದ್ದದ ತಗ್ಗು ಅಷ್ಟೇ. ಆದರೆ ಅದರುದ್ದಕ್ಕೆ ಲಕ್ಕಿ ಗಿಡ ಬೆಳೆದಿರುತ್ತದೆ, ಹೊಂಗೆ ಸಾಲಾಗಿ ನಿಂತಿರುತ್ತದೆ, ಸುತ್ತ ಕೆಂಪು ಮಣ್ಣಿದ್ದರೂ ಅಲ್ಲಿ ಮಾತ್ರ ನುಣ್ಣನೆಯ ಕಪ್ಪು ಗೋಡು ಸಿಗುತ್ತದೆ. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ರಸ್ತೆಯ ಮೋರಿ. ಹಳೆಯ ರಸ್ತೆ ಹಾಕಿದವರು ನೀರಿಲ್ಲದ ಕಡೆ ಮೋರಿ ಕಟ್ಟಿಲ್ಲ. ಜಮೀನಿನ ಮೇಲ್ಬದಿಯ ಮೋರಿಯಿಂದ ಕೆಳಬದಿಯ ಮೋರಿಗೆ ಒಂದು ಗೆರೆ ಎಳೆದರೆ ನೀರಿನ ದಾರಿ ಹೆಚ್ಚುಕಡಿಮೆ ಅದೇ. ಊರಿನ ನೀರಗಂಟಿ (ಕೆರೆ ನೀರು ಬಿಡುವವರು) ಇದ್ದರೆ ಕರೆದುಕೊಂಡು ಹೋಗಿ. ಯಾವ ಕೆರೆಯ ಕೋಡಿ ಬಿದ್ದರೆ ನೀರು ಎಲ್ಲಿ ಹಾಯುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಕೆರೆಯ ಪಕ್ಕದ ಜಮೀನಾದರೆ ಇನ್ನೊಂದು ಎಚ್ಚರ. ಬೇಸಿಗೆಯಲ್ಲಿ ನೀರು ನಿಂತ ಅಂಚು ಕೆರೆಯ ಗಡಿಯಲ್ಲ. ಬೆಂಗಳೂರಿನ ಪರಿಷ್ಕೃತ ಮಾಸ್ಟರ್ ಪ್ಲಾನ್ 2015 ಕೆರೆಯ ಬಫರ್ (ಕಟ್ಟಡ ಕಟ್ಟದೆ ಬಿಡಬೇಕಾದ ಅಂಚಿನ ಜಾಗ) ಅಳೆಯಲು ಹೇಳುವುದು ಕಂದಾಯ ದಾಖಲೆಯಲ್ಲಿರುವ ಗಡಿಯಿಂದ. ಜೊತೆಗೆ ಕೋಡಿಯ ಮಟ್ಟವನ್ನು ಸರ್ವೆಯವರಿಂದ ತೆಗೆಸಿ, ಅದೇ ಮಟ್ಟ ನಿಮ್ಮ ಜಮೀನಿನಲ್ಲಿ ಎಲ್ಲಿಗೆ ಬರುತ್ತದೆ ಎಂದು ಗೂಟ ಹೊಡೆಸಿ. ಕೆರೆ ತುಂಬಿದ ವರ್ಷ ನೀರು ಆ ಗೂಟದವರೆಗೆ ಬರುತ್ತದೆ. ಅದಕ್ಕಿಂತ ಕೆಳಗೆ ಮನೆಯ ಸೈಟು ಮಾಡಲೇಬೇಡಿ, ಕಾನೂನಿನ ಬಫರ್ ಎಷ್ಟೇ ಇರಲಿ.

ಬಫರ್ ಲೆಕ್ಕ

2015ರ ಮಾಸ್ಟರ್ ಪ್ಲಾನ್ ಪ್ರಕಾರ ಕೆರೆಗೆ 30 ಮೀಟರ್. ಮಳೆನೀರು ಒಯ್ಯುವ ರಾಜಕಾಲುವೆಗಳಲ್ಲಿ ಮೂರು ದರ್ಜೆ: ಪ್ರಾಥಮಿಕಕ್ಕೆ 50, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್. ಕಾಲುವೆಯದನ್ನು ನಡುಮಧ್ಯದಿಂದ, ಎರಡೂ ಬದಿಗೆ ಅಳೆಯಬೇಕು. 2016ರ ಮೇನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್ ಎಂದಿತ್ತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಕೆರೆಯ ವಿಸ್ತೀರ್ಣ ನೋಡಿ ಬಫರ್ ನಿಗದಿ ಮಾಡುವ ತಿದ್ದುಪಡಿ ಮಸೂದೆ 2025ರಲ್ಲಿ ವಿಧಾನಮಂಡಲದ ಮುಂದೆ ಬಂತು. ಬೇರೆ ಯೋಜನಾ ಪ್ರಾಧಿಕಾರಗಳಿಗೆ ಅವುಗಳದೇ ವಲಯ ನಿಯಮಾವಳಿ ಇರುತ್ತದೆ. ಹೀಗಾಗಿ ಬ್ರೋಕರ್ ಬಾಯಲ್ಲಿ ಕೇಳಿದ ಅಂಕಿ ನಂಬದೆ, ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ನಿಯಮಾವಳಿಯ ಪ್ರತಿಯನ್ನು ಪ್ರಾಧಿಕಾರದಿಂದಲೇ ಪಡೆದು ಕಡತಕ್ಕೆ ಸೇರಿಸಿ.

ದ್ವಿತೀಯ ಕಾಲುವೆಯೊಂದು ನಮ್ಮ 10 ಎಕರೆಯೊಳಗೆ 150 ಮೀಟರ್ ಹಾಯುತ್ತದೆ ಎನ್ನಿ. ಎರಡು ಬದಿ ಸೇರಿ 50 ಮೀಟರ್ ಅಗಲ, ಒಟ್ಟು 7,500 ಚದರ ಮೀಟರ್. ಗುಂಟೆ ಲೆಕ್ಕದಲ್ಲಿ 74, ಅಂದರೆ 1 ಎಕರೆ 34 ಗುಂಟೆ. ಜಮೀನಿನ ಬೆಲೆ ಮಾತಾಡುವ ಮೊದಲೇ ಇಷ್ಟು ಕಳೆಯಬೇಕು. ಕಾಲುವೆ ಯಾವ ದರ್ಜೆಯದು ಎಂಬುದಕ್ಕೆ ಲಿಖಿತ ಉತ್ತರ ತೆಗೆದುಕೊಳ್ಳಿ. ದ್ವಿತೀಯವನ್ನು ತೃತೀಯ ಎಂದು ತೋರಿಸುವುದೇ ಇಲ್ಲಿ ನಡೆಯುವ ದೊಡ್ಡ ಮೋಸ.

ಬಫರ್ ಜಾಗವನ್ನು ಪಾರ್ಕ್ ಲೆಕ್ಕಕ್ಕೆ ಹಿಡಿಯಲು 2015ರ ಮಾಸ್ಟರ್ ಪ್ಲಾನ್ ನಿಯಮಾವಳಿಯಲ್ಲಿ ಅವಕಾಶವಿದೆ. ಆದರೂ ಮಕ್ಕಳು ಆಡುವ ಬಯಲನ್ನು ಎತ್ತರದಲ್ಲಿ ಬೇರೆಯಾಗಿ ಕೊಡಿ. ಬಫರ್‌ನಲ್ಲಿ ಮಣ್ಣು ತುಂಬಿಸಿ ಹುಲ್ಲುಹಾಸು ಮಾಡಿದರೆ ಪಾರ್ಕೇನೋ ಆಗುತ್ತದೆ, ನೀರು ಹರಡಿಕೊಳ್ಳಲು ಇದ್ದ ಜಾಗ ಹೋಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಯಮಲೂರು, ಬೆಳ್ಳಂದೂರು ಸುತ್ತ ಮನೆಗಳಿಗೆ ನುಗ್ಗಿದ ನೀರಿಗೆ ಹರಡಿಕೊಳ್ಳಲು ಇಂಥ ಜಾಗವೇ ಉಳಿದಿರಲಿಲ್ಲ.

ಹೆಚ್ಚಾಗುವ ಮಳೆನೀರು ಎಷ್ಟು

ಹೊಲದ ಮೇಲೆ ಬಿದ್ದ ಮಳೆಯಲ್ಲಿ ಸುಮಾರು ಕಾಲು ಭಾಗ ಹರಿದು ಹೋಗುತ್ತದೆ ಎಂದು ಹಿಡಿಯೋಣ. ತಾರಸಿ, ಕಾಂಕ್ರೀಟು, ಡಾಂಬರು ಬಂದ ಮೇಲೆ ಅದು ಶೇ 70ಕ್ಕೆ ಏರುತ್ತದೆ. 10 ಎಕರೆ ಎಂದರೆ 4.05 ಹೆಕ್ಟೇರ್. ಗಂಟೆಗೆ 60 ಮಿಲಿಮೀಟರ್ ಮಳೆ ಹೊಡೆದರೆ ಮೊದಲು ಸೆಕೆಂಡಿಗೆ ಸುಮಾರು 170 ಲೀಟರ್ ಹೊರಡುತ್ತಿದ್ದದ್ದು ಈಗ 470 ಲೀಟರ್ ಆಗುತ್ತದೆ. ಒಂದು ಗಂಟೆಯ ಮಳೆಗೆ ವ್ಯತ್ಯಾಸ ಸುಮಾರು 1,090 ಘನ ಮೀಟರ್, ಅಂದರೆ ಹತ್ತು ಲಕ್ಷ ಲೀಟರಿಗೂ ಮೇಲೆ. ಕೆಳಗಿನ ಊರಿಗೆ ಮೊದಲು ಹೋಗುತ್ತಿದ್ದಷ್ಟೇ ನೀರು ಹೋಗಬೇಕು ಎಂದಾದರೆ ಈ ವ್ಯತ್ಯಾಸವನ್ನು ಬಡಾವಣೆಯೊಳಗೇ ಹಿಡಿದಿಡಬೇಕು. ಒಂದೂವರೆ ಮೀಟರ್ ಆಳದ ಕಟ್ಟೆಗೆ 7 ಗುಂಟೆಗೂ ಸ್ವಲ್ಪ ಹೆಚ್ಚು ಜಾಗ ಬೇಕು; ಇಳಿಜಾರು ದಡಕ್ಕೂ ಸೇರಿಸಿ 10 ಗುಂಟೆ ಇಡಿ. ಜಾಗ ಎಲ್ಲಕ್ಕಿಂತ ತಗ್ಗಿನಲ್ಲಿರಲಿ, ಆದರೆ ಕಾಲುವೆ ಉಕ್ಕಿದಾಗ ಮುಳುಗುವ ಮಟ್ಟಕ್ಕಿಂತ ಮೇಲಿರಲಿ. ಮೊದಲೇ ತುಂಬಿದ ಕಟ್ಟೆಯಿಂದ ಪ್ರಯೋಜನವಿಲ್ಲ.

ಇಂಗುಗುಂಡಿ ತೋಡಿದರೆ ಸಾಲದೇ ಎಂದು ಕೇಳುವವರು ಮೊದಲು ಮಣ್ಣು ಪರೀಕ್ಷೆ ಮಾಡಬೇಕು. ಒಂದಡಿ ಅಗಲ, ಮೂರಡಿ ಆಳದ ಗುಂಡಿ ತೆಗೆದು ಒಂದು ದಿನ ನೀರು ತುಂಬಿಸಿ ನೆನೆಸಿ. ಮರುದಿನ ತಳದಿಂದ ಒಂದಡಿ ನೀರು ಹಾಕಿ, ಅಳತೆ ಕಡ್ಡಿ ನಿಲ್ಲಿಸಿ, ಅರ್ಧ ಗಂಟೆಗೊಮ್ಮೆ ಎಷ್ಟು ಇಳಿಯಿತು ಎಂದು ಬರೆದುಕೊಳ್ಳಿ. ಜಮೀನಿನ ನಾಲ್ಕೈದು ಕಡೆ ಹೀಗೆ ಮಾಡಿ. ಗಂಟೆಗೆ ಒಂದು ಸೆಂಟಿಮೀಟರೂ ಇಳಿಯದ ಕಡೆ ಇಂಗುಗುಂಡಿ ನೀರು ನಿಂತ ಸೊಳ್ಳೆ ಗುಂಡಿಯಾಗುತ್ತದೆ. ಎರೆ ಮಣ್ಣಿನ ಹುಬ್ಬಳ್ಳಿ–ಧಾರವಾಡ ಕಡೆ ಈ ಪರೀಕ್ಷೆ ಬಿಡಲೇಬಾರದು.

ಕಾಲುವೆಯ ಮೇಲೆ ರಸ್ತೆ ದಾಟಿಸಲು 600 ಮಿಲಿಮೀಟರಿನ ಹ್ಯೂಮ್ (ಕಾಂಕ್ರೀಟ್) ಪೈಪ್ ಹಾಕಿ ಮುಚ್ಚುವುದು ಎಲ್ಲ ಕಡೆ ಕಾಣುವ ತಪ್ಪು. ಸೆಕೆಂಡಿಗೆ ಒಂದೂವರೆ ಮೀಟರ್ ವೇಗದಲ್ಲಿ ತುಂಬಿ ಹರಿದರೂ ಆ ಪೈಪು ಒಯ್ಯುವುದು 420 ಲೀಟರ್. ನಮ್ಮ 10 ಎಕರೆಯ ನೀರಿಗೇ ಅದು ಸಾಲದು, ಮೇಲಿನ ಜಲಾನಯನದ್ದು ಇನ್ನೂ ಬರಬೇಕು. ತೆರೆದ ಕಾಲುವೆ, ಅದರ ಪೂರ್ತಿ ಅಗಲಕ್ಕೆ ಬಾಕ್ಸ್ ಮೋರಿ, ಇಷ್ಟೇ ಸರಿ.

ಕುಡಿಯುವ ನೀರು, ಚರಂಡಿ ನೀರು

ಇಲ್ಲಿ ಜನಸಂಖ್ಯೆಯ ಲೆಕ್ಕವೇ ತಪ್ಪುತ್ತದೆ. 100 ಸೈಟು, ಸೈಟಿಗೊಂದು ಮನೆ, ಮನೆಗೆ ಐದು ಜನ, ಒಟ್ಟು 500 ಎಂದು ವರದಿಯಲ್ಲಿ ಬರೆಯುತ್ತಾರೆ. ತಲೆಗೆ 135 ಲೀಟರಿನಂತೆ ದಿನಕ್ಕೆ 67,500 ಲೀಟರ್ ನೀರು, ಅದರ ಶೇ 80ರಷ್ಟು, ಅಂದರೆ 54,000 ಲೀಟರ್ ಚರಂಡಿ ನೀರು. ಆದರೆ ಒಂದು ಸೈಟಿನಲ್ಲಿ ಮೂರು ಮಹಡಿ ಏಳುತ್ತದೆ, ಮಹಡಿಗೊಂದು ಬಾಡಿಗೆ ಸಂಸಾರ ಬರುತ್ತದೆ. ಸಂಸಾರಕ್ಕೆ ನಾಲ್ವರಾದರೂ 1,200 ಜನ. ನೀರು 1,62,000 ಲೀಟರ್. 12,000 ಲೀಟರಿನ ಟ್ಯಾಂಕರ್ ಆದರೆ ದಿನಕ್ಕೆ ಹದಿಮೂರು ಹದಿನಾಲ್ಕು. ಚರಂಡಿ ನೀರು ಸುಮಾರು 1,30,000 ಲೀಟರ್. ಮೊದಲ ಲೆಕ್ಕಕ್ಕೆ ಕಟ್ಟಿದ ಎಸ್‌ಟಿಪಿ (ಚರಂಡಿ ನೀರು ಶುದ್ಧೀಕರಣ ಘಟಕ) ಇದರ ಅರ್ಧವನ್ನೂ ಶುದ್ಧ ಮಾಡುವುದಿಲ್ಲ, ಉಳಿದದ್ದು ರಾತ್ರಿ ಹೊತ್ತು ರಾಜಕಾಲುವೆಗೆ ಹೋಗುತ್ತದೆ.

ದೊಡ್ಡದನ್ನೇ ಒಮ್ಮೆಗೆ ಕಟ್ಟಿದರೂ ತೊಂದರೆ. ಮೊದಲ ವರ್ಷ ಹತ್ತಿಪ್ಪತ್ತು ಮನೆ ಇದ್ದಾಗ ಸೂಕ್ಷ್ಮಜೀವಿಗಳಿಗೆ ಆಹಾರ ಸಾಲದೆ ಘಟಕ ನಾರತೊಡಗುತ್ತದೆ. 65,000 ಲೀಟರಿನ ಎರಡು ಭಾಗ ಮಾಡಿ, ಎರಡನೆಯದಕ್ಕೆ ಜಾಗ ಕಾಯ್ದಿಡಿ. ಗಾಳಿ ಊದುವ ಬ್ಲೋವರ್, ವಿದ್ಯುತ್ ಪ್ಯಾನೆಲ್ ಎರಡನ್ನೂ ನೆರೆ ಮಟ್ಟಕ್ಕಿಂತ ಎತ್ತರದ ಕಟ್ಟೆಯ ಮೇಲಿಡಿ.

ಶುದ್ಧವಾದ ನೀರು ಎಲ್ಲಿಗೆ? ಒಂದು ಎಕರೆ ಪಾರ್ಕ್ ದಿನಕ್ಕೆ ಕುಡಿಯುವುದು ಹೆಚ್ಚೆಂದರೆ 20,000 ಲೀಟರ್. ಶೌಚಾಲಯದ ಫ್ಲಶ್‌ಗೆ ತಲೆಗೆ 45 ಲೀಟರಿನಂತೆ 54,000. ಇದಕ್ಕೆ ಪ್ರತಿ ಸೈಟಿಗೂ ಎರಡನೇ ಪೈಪು ಬೇಕು. ರಸ್ತೆಗೆ ಡಾಂಬರು ಹಾಕುವ ಮೊದಲೇ ಹೂಳಬೇಕು, ಆಮೇಲೆ ಆಗದು. ಇನ್ನೂ 56,000 ಲೀಟರ್ ಉಳಿಯುತ್ತದೆ. ಅದಕ್ಕೆ ಒಳಚರಂಡಿ ಸಂಪರ್ಕ ಎಂದು ಬರೆದರೆ ಸಾಲದು, ಹತ್ತಿರದ ಮ್ಯಾನ್‌ಹೋಲ್ ಎಷ್ಟು ದೂರ, ಎಷ್ಟು ಆಳ ಎಂಬುದೂ ಕಡತದಲ್ಲಿರಬೇಕು. ನೀರಿನ ಮೂಲ ಕೊಳವೆಬಾವಿ ಎಂದಾದರೆ 2011ರ ಕರ್ನಾಟಕ ಅಂತರ್ಜಲ ಕಾಯ್ದೆಯಡಿ ಅಧಿಸೂಚಿತ ತಾಲ್ಲೂಕುಗಳಲ್ಲಿ ಅನುಮತಿ ಮೊದಲು, ಕೊರೆಯುವುದು ಆಮೇಲೆ.

ಮರ, ಕಾಡು, ಮೇಲ್ಮಣ್ಣು

ಪ್ರತಿ ಮರಕ್ಕೂ ನಂಬರು ಬರೆದು, ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಸುತ್ತಳತೆ ತೆಗೆದು, ಸ್ಥಳನಕ್ಷೆಯಲ್ಲಿ ಗುರುತಿಸಿ. ಆಲ, ಅರಳಿ, ಹುಣಸೆ, ಹಲಸು ಇರುವ ಕಡೆ ಪಾರ್ಕ್ ಬರುವಂತೆ ನಕ್ಷೆ ತಿರುಗಿಸಿ. ಕಾಗದದ ಮೇಲೆ ರಸ್ತೆ ಹತ್ತು ಅಡಿ ಸರಿಸಲು ಖರ್ಚೇನೂ ಇಲ್ಲ. ಕಡಿಯಲೇಬೇಕಾದ ಮರಕ್ಕೆ 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯಡಿ ಅನುಮತಿ. ಸರ್ವೆ ನಂಬರು ಅರಣ್ಯ ಅಧಿಸೂಚನೆಯಲ್ಲೋ ಪರಿಭಾವಿತ ಅರಣ್ಯ (ಅಧಿಸೂಚನೆ ಇಲ್ಲದಿದ್ದರೂ ಕಾಡೆಂದೇ ಗಣಿಸುವ ಜಾಗ) ಪಟ್ಟಿಯಲ್ಲೋ ಇದೆಯೇ ಎಂದು ಅರಣ್ಯ ಇಲಾಖೆಯಿಂದ ಬರಹದಲ್ಲಿ ಪಡೆಯಿರಿ. 1996ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ಆದೇಶದ ನಂತರ ಕಾಡು ಯಾರ ಹೆಸರಿನಲ್ಲಿದೆ ಎಂಬುದು ಮುಖ್ಯವಲ್ಲ. ಬನ್ನೇರುಘಟ್ಟದ ಸುತ್ತ ಪರಿಸರ ಸೂಕ್ಷ್ಮ ವಲಯದ ನಕ್ಷೆಯನ್ನೂ, ತಿಪ್ಪಗೊಂಡನಹಳ್ಳಿ ಜಲಾಶಯದ ಜಲಾನಯನದಲ್ಲಾದರೆ 2003ರ ಅಧಿಸೂಚನೆಯನ್ನು ಅದರ ತಿದ್ದುಪಡಿಯೊಂದಿಗೂ ನೋಡಿ.

ಪರಿಸರ ಅನುಮತಿ, ಸಾರ್ವಜನಿಕ ಆಕ್ಷೇಪ

ಕೇಂದ್ರ ಪರಿಸರ ಸಚಿವಾಲಯದ 2006ರ ಸೆಪ್ಟೆಂಬರ್ 14ರ ಅಧಿಸೂಚನೆಯಂತೆ 20,000 ಚದರ ಮೀಟರ್ ಅಥವಾ ಹೆಚ್ಚಿನ ನಿರ್ಮಾಣಕ್ಕೆ, 50 ಹೆಕ್ಟೇರ್ ಅಥವಾ ಹೆಚ್ಚಿನ ಬಡಾವಣೆಗೆ ಪೂರ್ವಭಾವಿ ಪರಿಸರ ಅನುಮತಿ ಬೇಕು. ಪೂರ್ವಭಾವಿ ಎಂದರೆ ನೆಲ ಸಮ ಮಾಡುವುದಕ್ಕೂ ಮುಂಚೆ. ಜೆಸಿಬಿ ಇಳಿಸಿದರೆ ಉಲ್ಲಂಘನೆ. 10 ಎಕರೆಯ ಸೈಟುಗಳ ಬಡಾವಣೆ ಈ ಬಲೆಗೆ ಬೀಳುವುದೇ ಇಲ್ಲ. ಬಿದ್ದರೂ ಈ ವರ್ಗದ ಯೋಜನೆಗಳಿಗೆ ಸಾರ್ವಜನಿಕ ವಿಚಾರಣೆ ಇಲ್ಲ. ಹಾಗಾಗಿ ನೆರೆಹೊರೆಯವರಿಗೆ ಬಾಯಿಬಿಡಲು ಇರುವ ಮುಖ್ಯ ಅವಕಾಶ 14-ಎ ಪ್ರಕಟಣೆ. ಬದಲಾವಣೆ ಸಾರ್ವಜನಿಕ ಹಿತದಲ್ಲಿರಬೇಕು, ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು ಎಂದು ಕಾಯ್ದೆಯೇ ಹೇಳುತ್ತದೆ.

ಆಕ್ಷೇಪಣೆ ಬರೆಯುವವರು ‘ಪರಿಸರ ಹಾಳಾಗುತ್ತದೆ’ ಎಂದಷ್ಟೇ ಬರೆದರೆ ಅದು ಕಡತ ಸೇರಿ ಮುಗಿಯುತ್ತದೆ. ಸರ್ವೆ ನಂಬರು, ಗ್ರಾಮ ನಕ್ಷೆಯ ನಕಲಿನಲ್ಲಿ ಹಳ್ಳಕ್ಕೆ ಕೆಂಪು ಗುರುತು, ಮೋರಿಯ ಫೋಟೊ, ಮೇಲೆ ಹೇಳಿದ ಮಳೆನೀರಿನ ಲೆಕ್ಕ, ಮಂಜೂರಾತಿ ಆದೇಶದಲ್ಲಿ ನಮಗೆ ಬೇಕಾದ ಷರತ್ತಿನ ಮಾತು, ಇವನ್ನು ಎರಡು ಪುಟದಲ್ಲಿ ಕೊಡಿ. ಗಡುವಿನೊಳಗೆ ಸಲ್ಲಿಸಿ, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ.

ಷರತ್ತನ್ನು ಹೇಗೆ ಬರೆಸಬೇಕು

‘ಮಳೆನೀರು ಕೊಯ್ಲು ಅಳವಡಿಸತಕ್ಕದ್ದು’ ಎಂಬ ಸಾಲನ್ನು ಯಾರೂ ಪರಿಶೀಲಿಸಲಾಗದು. ‘ನಕ್ಷೆಯಲ್ಲಿ ಗುರುತಿಸಿದ ಜಾಗದಲ್ಲಿ 1,090 ಘನ ಮೀಟರ್ ಸಾಮರ್ಥ್ಯದ ಕಟ್ಟೆ, ಮೊದಲ ಹಂತದ ಸೈಟುಗಳ ಬಿಡುಗಡೆಗೆ ಮುನ್ನ’ ಎಂದರೆ ಟೇಪು ಹಿಡಿದು ಅಳೆಯಬಹುದು. ಬಫರ್, ಕಟ್ಟೆ, ಪಾರ್ಕ್ ಮೂರಕ್ಕೂ ಮೂಲೆಗಳ ಅಕ್ಷಾಂಶ ರೇಖಾಂಶ ಆದೇಶಕ್ಕೆ ಲಗತ್ತಾಗಿರಲಿ, ಮೂಲೆಮೂಲೆಗೂ ಕಲ್ಲು ನೆಡಿಸಿ.

ಕೆಲಸ ಶುರುವಾದಾಗ ಮೇಲಿನ 15ರಿಂದ 20 ಸೆಂಟಿಮೀಟರ್ ಮಣ್ಣನ್ನು ಬೇರೆ ತೆಗೆದು, ಎರಡು ಮೀಟರಿಗಿಂತ ಎತ್ತರವಾಗದಂತೆ ರಾಶಿ ಹಾಕಿ, ಹುರುಳಿ ಚೆಲ್ಲಿ ಮುಚ್ಚಿಡಿ. ಪಾರ್ಕಿಗೆ ಅದೇ ಮಣ್ಣು. ನೆಲ ಅಗೆಯುವ ಕೆಲಸವನ್ನು ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸಿ. ಮುಗಿಯದಿದ್ದರೆ ಕಾಲುವೆಯ ಅಂಚಿಗೆ ಬದು ಹಾಕಿ ಹೂಳು ನಿಲ್ಲುವ ಗುಂಡಿ ತೋಡಿ. ಮೊದಲ ದೊಡ್ಡ ಮಳೆಯ ಮರುದಿನ ಹೋಗಿ ಆ ಗುಂಡಿ ನೋಡಿ: ಅರ್ಧಕ್ಕಿಂತ ಹೆಚ್ಚು ತುಂಬಿದ್ದರೆ ಅಂದೇ ಹೂಳು ತೆಗೆಸಿ, ಇಲ್ಲದಿದ್ದರೆ ಮುಂದಿನ ಮಳೆಗೆ ಅದು ಕೆಳಗಿನ ಕೆರೆ ಸೇರುತ್ತದೆ.