ನಾಲೆ ಏರಿ ಮೇಲೆ ಮೂರು ದಿನ: ಹೊಸಬರ ಮೌಂಟನ್ ಬೈಕ್ ಸುತ್ತಾಟ

ಮೌಂಟನ್ ಬೈಕ್ ಅಂದ ಕೂಡಲೇ ಮೈಸೂರಿನವರ ಕಣ್ಣು ಚಾಮುಂಡಿ ಬೆಟ್ಟದ ಮೇಲೆ ಬೀಳುತ್ತದೆ. ಹೊಸಬರನ್ನು ಕರೆದುಕೊಂಡು ಹೊರಟರೆ ನಾನು ಆ ಕಡೆ ತಲೆ ಹಾಕುವುದಿಲ್ಲ. ಬೆಟ್ಟದ ಕುರುಚಲು ಮೀಸಲು ಅರಣ್ಯ, ಅನುಮತಿಯಿಲ್ಲದೆ ಅಲ್ಲಿ ಸೈಕಲ್ ಇಳಿಸುವಂತಿಲ್ಲ. ಉಳಿಯುವುದು ಬಸ್ಸು, ಕಾರು ಓಡಾಡುವ ಡಾಂಬರು. ಮಣ್ಣು ದಾರಿ ಕಲಿಯಬೇಕಾದರೆ ಶ್ರೀರಂಗಪಟ್ಟಣ, ಪಾಂಡವಪುರದ ಸುತ್ತಲಿನ ನಾಲೆ ಏರಿ ಮತ್ತು ಬಂಡಿ ಜಾಡುಗಳೇ ಸರಿ. ಏರು ಕಡಿಮೆ, ಊರು ಹತ್ತಿರ, ಸುಸ್ತಾದರೆ ಕೂರಲು ಟೀ ಅಂಗಡಿ ಉಂಟು.

ಶ್ರೀರಂಗಪಟ್ಟಣದಲ್ಲಿ ರೂಮು ಮಾಡಿಕೊಂಡರೆ ಎಲ್ಲಾ ದಿಕ್ಕಿಗೂ ಅನುಕೂಲ. ಮೈಸೂರಿನಿಂದ ಸುಮಾರು 15 ಕಿ.ಮೀ. ತುಳಿದುಕೊಂಡೇ ಬರುವವರು ಎಕ್ಸ್‌ಪ್ರೆಸ್‌ವೇ ಹತ್ತಬೇಡಿ. 2023ರ ಆಗಸ್ಟ್‌ನಿಂದ ಬೈಕು, ಆಟೋಗಳ ಜೊತೆ ಸೈಕಲ್ಲಿಗೂ ಅಲ್ಲಿ ನಿಷೇಧ, ಸರ್ವಿಸ್ ರಸ್ತೆ ಹಿಡಿಯಿರಿ. ಕಾಲ ಅಂದರೆ ನವೆಂಬರ್ ಕೊನೆಯಿಂದ ಫೆಬ್ರವರಿ. ಮಳೆಗಾಲದಲ್ಲಿ ಗರಸು ದಾರಿ ಹೇಗೋ ತಡೆದುಕೊಳ್ಳುತ್ತದೆ, ಎರೆ ಮಣ್ಣು ಮಾತ್ರ ಬಿಡುವುದಿಲ್ಲ. ಟೈರಿಗೆ ಮೆತ್ತಿ, ಮಡ್‌ಗಾರ್ಡು ತುಂಬಿ, ಚಕ್ರ ಸುತ್ತುವುದೇ ನಿಂತುಹೋಗುತ್ತದೆ. ಆಗ ತುಳಿಯಲು ಹೋಗಿ ಗೇರಿನ ಕೈ (ಹಿಂದಿನ ಚಕ್ರದ ಬಳಿ ಇಳಿಬಿದ್ದು ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಮುರಿದುಕೊಳ್ಳುವುದಕ್ಕಿಂತ ಸೈಕಲ್ಲನ್ನು ಹೆಗಲಿಗೆ ಹಾಕಿಕೊಂಡು ನಡೆಯುವುದು ಮೇಲು.

ದುಬಾರಿ ಸೈಕಲ್ ಬೇಡ. ಮುಂದೆ ಸಸ್ಪೆನ್ಷನ್, ಎರಡೂ ಕಡೆ ಡಿಸ್ಕ್ ಬ್ರೇಕ್, 2.1 ಇಂಚಿನ ಟೈರ್ ಇದ್ದರೆ ಧಾರಾಳ ಸಾಕು. ಬಾಡಿಗೆಗೆ ತಂದದ್ದಾದರೆ ಹೊರಡುವ ಮುಂಚೆ ಮೂರು ನೋಡಿ. ಬ್ರೇಕ್ ಲಿವರ್ ಎಳೆದರೆ ಹ್ಯಾಂಡಲ್‌ವರೆಗೆ ಬರಬಾರದು. ಹಿಂದಿನಿಂದ ನೋಡಿದರೆ ಗೇರಿನ ಕೈ ಹಲ್ಲುಚಕ್ರಕ್ಕೆ ನೇರವಾಗಿ ಇಳಿಬಿದ್ದಿರಬೇಕು. ಒಳಕ್ಕೆ ಬಾಗಿದ್ದರೆ ದೊಡ್ಡ ಹಲ್ಲುಚಕ್ರಕ್ಕೆ ಹಾಕಿದಾಗ ಕಡ್ಡಿಗಳಿಗೆ ಸಿಕ್ಕಿಕೊಳ್ಳುತ್ತದೆ. ಮೂರನೆಯದು ಸೀಟಿನ ಎತ್ತರ: ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಬಿಚ್ಚಿ ತಂದ ಪೆಡಲ್ ಹಾಕುವಾಗ ಎಡಗಡೆಯದಕ್ಕೆ ಉಲ್ಟಾ ಥ್ರೆಡ್ (ತಿರುಪಿನ ಗೆರೆ) ಇರುವುದು ನೆನಪಿರಲಿ. ಕೈಯಲ್ಲೇ ನಾಲ್ಕು ಸುತ್ತು ಹೋದ ಮೇಲೆ ಸ್ಪ್ಯಾನರ್ ಹಿಡಿಯಿರಿ, ಇಲ್ಲದಿದ್ದರೆ ಥ್ರೆಡ್ ಕೆಡುತ್ತದೆ.

ಇನ್ನು ಗಾಳಿ. ಹೊಸಬರು ಬೀಳುವ ಸಂದರ್ಭಗಳಲ್ಲಿ ಅರ್ಧಕ್ಕೆ ಇದೇ ಕಾರಣ ಅಂತ ನನ್ನ ಲೆಕ್ಕ. 65–70 ಕೆ.ಜಿ. ತೂಕದವರಿಗೆ ಟ್ಯೂಬ್ ಇರುವ 2.1 ಇಂಚಿನ ಟೈರಿಗೆ ಮುಂದೆ 28, ಹಿಂದೆ 32 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹಾಕುತ್ತೇನೆ. ಪ್ರತಿ 10 ಕೆ.ಜಿ. ಹೆಚ್ಚಿಗೆಗೆ ಎರಡೆರಡು ಸೇರಿಸಿ. ಪಂಕ್ಚರ್ ಅಂಗಡಿಯವರು ‘ಗಟ್ಟಿಯಾಗಿರ್ಲಿ ಬಿಡಿ ಸಾರ್’ ಅಂತ ಪ್ರೀತಿಯಿಂದ 60 ತುಂಬಿಬಿಡುತ್ತಾರೆ. ಅಷ್ಟಿದ್ದರೆ ಗರಸಿನ ಸಣ್ಣ ಕಲ್ಲಿನ ಮೇಲೆ ಟೈರು ಗೋಲಿಯ ಹಾಗೆ ಜಾರುತ್ತದೆ. 20ಕ್ಕೆ ಇಳಿಸಿದರೆ ಇನ್ನೊಂದು ತೊಂದರೆ: ಚೂಪು ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿನ ಎರಡು ಅಂಚಿಗೆ ಸಿಕ್ಕಿ, ಹಾವು ಕಚ್ಚಿದ ಹಾಗೆ ಜೋಡಿ ತೂತು ಬೀಳುತ್ತದೆ. ವಾಲ್ವ್ ಸಪೂರವಾದ ಪ್ರೆಸ್ಟಾ ಆಗಿದ್ದರೆ ಅಂಗಡಿಯ ಪೈಪು ಕೂರುವುದಿಲ್ಲ. ಹಿತ್ತಾಳೆಯ ಪುಟ್ಟ ಅಡಾಪ್ಟರ್ ಒಂದನ್ನು ಜೇಬಿನಲ್ಲಿ ಇಟ್ಟುಕೊಳ್ಳಿ.

ಮೊದಲ ದಿನ ಶ್ರೀರಂಗಪಟ್ಟಣದ ದ್ವೀಪ ಬಿಟ್ಟು ಹೋಗಬೇಡಿ. ಕೋಟೆ, ಗುಂಬಜ್, ಸಂಗಮ, ನಡುವಿನ ಗದ್ದೆ ದಾರಿಗಳು ಸೇರಿ 15–20 ಕಿ.ಮೀ. ಆಗುತ್ತದೆ. ಇಲ್ಲಿ ಕಲಿಯಬೇಕಾದ್ದು ಎರಡೇ. ಸೀಟಿನಿಂದ ಎದ್ದು, ಎರಡು ಪೆಡಲ್ ಸಮವಾಗಿಟ್ಟು, ಮೊಣಕೈ, ಮೊಣಕಾಲು ಸಡಿಲ ಬಿಟ್ಟು ನಿಲ್ಲುವುದು ಒಂದು. ಎರಡನೆಯದು ಟ್ರ್ಯಾಕ್ಟರ್ ಜಾಡಿನಲ್ಲಿ ಹೋಗುವುದು: ಒಂದು ಗುಂಡಿಗೆರೆ ಹಿಡಿದರೆ ಅದರಲ್ಲೇ ಇರಿ, ಕಣ್ಣು ಹತ್ತು ಮೀಟರ್ ಮುಂದಿರಲಿ. ಪಕ್ಕದ ಗೆರೆ ಚೆನ್ನಾಗಿದೆ ಅಂತ ಓರೆಯಾಗಿ ದಾಟಲು ಹೋದರೆ ಮುಂದಿನ ಚಕ್ರ ಅಂಚಿಗೆ ಒರಗಿ ನಿಲ್ಲುತ್ತದೆ, ನೀವು ಮುಂದಕ್ಕೆ ಹೋಗುತ್ತೀರಿ. ದಾಟಲೇಬೇಕಾದರೆ ಇಳಿದು ಎತ್ತಿಡಿ.

ಎರಡನೆಯ ದಿನ ನಾಲೆ. ಕೆಆರ್‌ಎಸ್ ಎಡದಂಡೆಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ ದೊಡ್ಡದು. ಚಿಕ್ಕದೇವರಾಯ ಸಾಗರ ನಾಲೆ, ಬಂಗಾರದೊಡ್ಡಿ ನಾಲೆಗಳು ಒಡೆಯರ ಕಾಲದವು, ಚಿಕ್ಕವು, ಮರದ ನೆರಳೂ ಸಿಗುತ್ತದೆ. ಹೊಸಬರನ್ನು ಚಿಕ್ಕವುಗಳ ಏರಿಗೇ ಕರೆದೊಯ್ಯುತ್ತೇನೆ. ದೊಡ್ಡ ನಾಲೆ ತುಂಬಿ ಹರಿಯುವಾಗ ಬಿದ್ದವರು ಇಳಿಜಾರು ದಡ ಹಿಡಿದು ಮೇಲೆ ಬರುವುದು ಕಷ್ಟ. 2018ರ ನವೆಂಬರ್‌ನಲ್ಲಿ ಕನಗನಮರಡಿ ಬಳಿ ಬಸ್ಸು ಇದೇ ನಾಲೆಗೆ ಉರುಳಿ 30 ಜನ ಸತ್ತರು. ಯಾವ ಏರಿಯಲ್ಲಾದರೂ ನೀರಿನ ಕಡೆಯ ಜಾಡು ಬಿಟ್ಟು ಗದ್ದೆ ಕಡೆಯದನ್ನು ಹಿಡಿಯಿರಿ. ಜೊತೆಯವರ ಪಕ್ಕಕ್ಕೆ ಹೋಗಿ ಮಾತಾಡಬೇಡಿ, ಒಬ್ಬರ ಹಿಂದೆ ಒಬ್ಬರು. ತೂಬಿನ ಹತ್ತಿರ ನೀರು ಸೋರಿ ಏರಿ ಜೇಡಿಯಾಗಿರುತ್ತದೆ. ಹತ್ತು ಹೆಜ್ಜೆ ಮುಂಚೆಯೇ ನಿಧಾನಿಸಿ, ಜೇಡಿಯ ಮೇಲೆ ಬ್ರೇಕ್ ಮುಟ್ಟದೆ, ಹ್ಯಾಂಡಲ್ ತಿರುಗಿಸದೆ ನೇರ ದಾಟಿ. ದಾರಿ ಮುಂದೆ ಇದೆಯೋ ಇಲ್ಲವೋ ಅನ್ನುವುದಕ್ಕೆ ಮೊಬೈಲ್ ನಕ್ಷೆಗಿಂತ ದನ ಮೇಯಿಸುವವರೇ ವಾಸಿ. ‘ಅಣ್ಣ, ಈ ಏರಿ ಮೇಲೆ ಹೋದ್ರೆ ಪಾಂಡವಪುರ ಸಿಗ್ತದಾ?’ ಅಂದರೆ ಎಲ್ಲಿ ತೂಬು ಒಡೆದಿದೆ ಅನ್ನುವುದನ್ನೂ ಸೇರಿಸಿ ಹೇಳುತ್ತಾರೆ.

ಡಿಸೆಂಬರ್, ಜನವರಿಯಲ್ಲಿ ಇನ್ನೊಂದು ಗಂಡಾಂತರ ಡಾಂಬರಿನ ಮೇಲೇ ಇರುತ್ತದೆ: ಒಕ್ಕಣೆಗೆ ಹರಡಿದ ಹುರುಳಿ. ಕಾರು ಅದರ ಮೇಲೆ ಹೋದರೆ ರೈತರಿಗೆ ಲಾಭ, ಸೈಕಲ್ ಹೋದರೆ ನಿಮಗೆ ನಷ್ಟ. ಒಣ ಬಳ್ಳಿ ಹಲ್ಲುಚಕ್ರಕ್ಕೆ ಸುತ್ತಿಕೊಂಡು ಗೇರಿನ ಕೈಯನ್ನು ಹಿಂದಕ್ಕೆ ಎಳೆಯುತ್ತದೆ. ಅದೇ ಹೊತ್ತಿಗೆ ಜೋರಾಗಿ ತುಳಿದರೆ ಅದನ್ನು ಹಿಡಿದಿರುವ ಅಲ್ಯೂಮಿನಿಯಂ ಹ್ಯಾಂಗರ್ ಟಪ್ಪನೆ ಮುರಿಯುತ್ತದೆ. ಇಳಿದು ತಳ್ಳಿಕೊಂಡು ದಾಟಿ. ಸುತ್ತಿಕೊಂಡೇಬಿಟ್ಟರೆ ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಾ ಬಿಡಿಸಿ.

ಪಂಕ್ಚರ್ ಆಗೇ ಆಗುತ್ತದೆ. ಬಳ್ಳಾರಿ ಜಾಲಿಯ ಮುಳ್ಳು ಉದ್ದ, ಕಾಣುತ್ತದೆ. ನೆಗ್ಗಿಲು ಮುಳ್ಳು ಸಣ್ಣದು, ಮುರಿದ ತುದಿ ಟೈರಿನೊಳಗೆ ಹೂತಿದ್ದರೆ ಬೆರಳಿಗೇ ಸಿಗುವುದಿಲ್ಲ. ಟ್ಯೂಬು ತೆಗೆದ ಮೇಲೆ ಅದಕ್ಕೆ ಗಾಳಿ ತುಂಬಿ ತೂತು ಹುಡುಕಿ, ವಾಲ್ವಿನಿಂದ ಎಷ್ಟು ದೂರ ಅನ್ನುವುದನ್ನು ಗೇಣಿನಲ್ಲಿ ಅಳೆದು, ಟೈರಿನಲ್ಲೂ ಅದೇ ಜಾಗ ನೋಡಿ. ಹಳೆ ಹತ್ತಿ ಬಟ್ಟೆಯನ್ನು ಟೈರಿನ ಒಳಮೈಗೆ ಒತ್ತಿ ಒಂದು ಸುತ್ತು ಎಳೆದರೆ ಮುಳ್ಳಿರುವ ಕಡೆ ನೂಲು ಸಿಕ್ಕಿಕೊಳ್ಳುತ್ತದೆ. ಚಿಮಟದಲ್ಲಿ ಕಿತ್ತು, ಇನ್ನೊಂದು ಸುತ್ತು ಎಳೆಯಿರಿ. ಮುಳ್ಳು ಬಿಟ್ಟು ಹೊಸ ಟ್ಯೂಬು ಹಾಕಿದರೆ ಹತ್ತು ನಿಮಿಷಕ್ಕೆ ಅದೂ ಹೋಯಿತು. ಹೈಡ್ರಾಲಿಕ್ ಬ್ರೇಕಿನ ಸೈಕಲ್ಲನ್ನು ಈ ಕೆಲಸಕ್ಕೆ ತಲೆಕೆಳಗು ನಿಲ್ಲಿಸದೆ ಪಕ್ಕಕ್ಕೆ ಮಲಗಿಸಿ; ಎಣ್ಣೆ ಕಡಿಮೆಯಿದ್ದರೆ ಗಾಳಿಗುಳ್ಳೆ ಪೈಪಿಗೆ ಸೇರಿ ಲಿವರ್ ಮೆತ್ತಗಾಗುತ್ತದೆ. ಚಕ್ರ ತೆಗೆದಿರುವಾಗ ಬ್ರೇಕ್ ಅಂತೂ ಒತ್ತಲೇಬೇಡಿ, ಪ್ಯಾಡುಗಳು ಕಚ್ಚಿಕೊಂಡರೆ ಡಿಸ್ಕ್ ಒಳಗೆ ಹೋಗದು. ತಲೆಗೆರಡು ಟ್ಯೂಬು, ಎರಡು ಟೈರ್ ಲಿವರ್, ಪಂಪು, 4, 5, 6 ಮಿ.ಮೀ. ಅಲೆನ್ ಕೀ, ತುಂಡಾದ ಚೈನು ಜೋಡಿಸುವ ಕ್ವಿಕ್ ಲಿಂಕ್ ಒಂದು, ಹತ್ತಿ ಬಟ್ಟೆ, ಚಿಮಟ, ಎರಡು ಲೀಟರ್ ನೀರು, ನಾಲ್ಕು ಏಲಕ್ಕಿ ಬಾಳೆಹಣ್ಣು. ಚೀಲ ಅಷ್ಟೇ.

ಮೂರನೆಯ ದಿನ ಶ್ರೀರಂಗಪಟ್ಟಣದ ಹತ್ತಿರದ ಕರೀಘಟ್ಟ ಬೆಟ್ಟ. ಹತ್ತುವುದಕ್ಕೆ ಡಾಂಬರು ರಸ್ತೆ ಇದೆ. ಏರು ಶುರುವಾಗುವ ಮುಂಚೆಯೇ ಹಗುರ ಗೇರಿಗೆ ಬನ್ನಿ, ಭಾರ ಬಿದ್ದ ಮೇಲೆ ಬದಲಿಸಿದರೆ ಚೈನು ಕಚಕಚ ಅಂದು ಜಾರುತ್ತದೆ. ಮೇಲೆ ಕೂತು ಲೋಕಪಾವನಿ ಕಾವೇರಿಗೆ ಸೇರುವ ಬಯಲು ನೋಡಿ, ಇಳಿಯುವ ಮುಂಚೆ ಸೀಟನ್ನು ನಾಲ್ಕು ಬೆರಳು ತಗ್ಗಿಸಿ. ತಿರುವಿನ ಒಳಗೆ ಬ್ರೇಕ್ ಬೇಡ, ತಿರುವಿಗೆ ಮುಂಚೆಯೇ ವೇಗ ಕಳೆದು, ಬಿಟ್ಟು ತಿರುಗಿ. ಎರಡೂ ಲಿವರ್ ಒಂದೊಂದೇ ಬೆರಳಲ್ಲಿ ಹಿಡಿದು ಬಿಟ್ಟು ಮಾಡಿ. ಉದ್ದಕ್ಕೂ ಹಿಡಿದೇ ಇಳಿದರೆ ಡಿಸ್ಕ್ ಕಾದು ಹಿಡಿತ ಕುಂದುತ್ತದೆ. ಇಳಿದ ಕೂಡಲೇ ಮುಟ್ಟಿದರೆ ಬೊಬ್ಬೆ. ಪಾಂಡವಪುರದ ಕುಂತಿಬೆಟ್ಟ ಬರೀ ಬಂಡೆ, ಸೈಕಲ್ ಕೆಳಗೇ ಬಿಟ್ಟು ಹತ್ತಿ. ಮೇಲುಕೋಟೆಯ ಕಾಡು ತೋಳಗಳಿಗಾಗಿ ಕಾಯ್ದ ವನ್ಯಧಾಮ, ರಸ್ತೆ ಬಿಟ್ಟು ಒಳಗೆ ಹೋಗುವಂತಿಲ್ಲ.

ಹೊರಡುವುದು ಬೆಳಕು ಪೂರ್ತಿ ಹರಿದ ಮೇಲೆ, ಆರೂವರೆ ದಾಟಿ. ಕಬ್ಬಿನ ಗದ್ದೆಗಳಲ್ಲಿ ಚಿರತೆ ಇರುವ ಸೀಮೆ ಇದು. ಸಂಜೆ ಐದೂವರೆಗೆ ರೂಮು ಸೇರಿ. ರಾತ್ರಿ ಚೈನನ್ನು ಒಣ ಬಟ್ಟೆಯಲ್ಲಿ ಒರೆಸಿ, ಕೊಂಡಿಗೊಂದು ಹನಿ ಚೈನ್ ಎಣ್ಣೆ ಬಿಟ್ಟು, ಹತ್ತು ನಿಮಿಷದ ನಂತರ ಹೊರಗಿನದನ್ನೆಲ್ಲ ಒರೆಸಿಬಿಡಿ. ಹಳೆ ಇಂಜಿನ್ ಆಯಿಲ್ ಹಾಕಿದರೆ ಕೆಂಪು ಧೂಳು ಸೇರಿ ಉಪ್ಪುಕಾಗದದ ಹಾಗೆ ಹಲ್ಲು ಸವೆಸುತ್ತದೆ. ಒಂದು ಹನಿಯೂ ಡಿಸ್ಕಿಗೆ ಸಿಡಿಯಬಾರದು. ಬೆಳಿಗ್ಗೆ ಎದ್ದಾಗ ಮೊದಲು ಎರಡೂ ಟೈರನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ. ರಾತ್ರಿಯಿಡೀ ಸಣ್ಣಗೆ ಇಳಿದ ಗಾಳಿ ಅಂದರೆ ಹೆಚ್ಚಾಗಿ ಮುಳ್ಳು ಇನ್ನೂ ಒಳಗೇ ಇದೆ ಅಂತ ಅರ್ಥ. ಮತ್ತೆ ತುಂಬಿಕೊಂಡು ಹೊರಡಬೇಡಿ, ತಿಂಡಿಗೆ ಮುಂಚೆ ಬಿಚ್ಚಿ.